ಮೊಮ್ಮಕ್ಕಳೊಡನೆ ಟೋಕಿಯೋ ನಗರದಲ್ಲಿ

ಮಕ್ಕಳನ್ನು ಕಟ್ಟಿಕೊಂಡು ನಂಜನಗೂಡಿನ ತೇರಿಗೆ ಹೋಗಿಬರುವುದೇ ಒಂದು ಸಾಹಸವೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಹೀಗಿರಲು, ಏಳು ವರ್ಷದ ಒಬ್ಬಳು, ಮೂರು ವರ್ಷದ ಒಬ್ಬ, ಹೀಗೆ ಇಬ್ಬರು ಮೊಮ್ಮಕ್ಕಳನ್ನು ಮುಂದಿಟ್ಟುಕೊಂಡು ನಾವು ಟೋಕಿಯೋ ನಗರಕ್ಕೆ ಹೊರಟಾಗ, ನೆರೆಮನೆಯ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಸಹಜವಾಗಿಯೇ ಇತ್ತು: “ಅಲ್ಲ ಮೇಷ್ಟ್ರೇ, ಭಾಷೆ ಬಾರದ ಊರು, ಕೋಟಿಗಟ್ಟಲೆ ಜನ. ಮಗು ಕೈ ತಪ್ಪಿಸಿಕೊಂಡರೆ ಏನು ಗತಿ?”

ಅದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಉಂಟು. ಆ ಉತ್ತರವನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಿಮ್ಮ ಮಗನೋ ಮಗಳೋ ಅಳಿಯನೋ ಉದ್ಯೋಗದ ನಿಮಿತ್ತ ಆ ದೇಶದಲ್ಲಿರಬಹುದು. ನೀವೂ ಎಂದಾದರೊಮ್ಮೆ ಮಕ್ಕಳೊಡನೆ ಹೊರಡಬೇಕಾಗಬಹುದು. ಹೊರಡದಿದ್ದರೂ ಚಿಂತೆಯಿಲ್ಲ. ಒಂದು ದೊಡ್ಡ ಊರು ಚಿಕ್ಕ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದು ಊರಿನಲ್ಲಿ ವಾಸಿಸುವವರೆಲ್ಲರೂ ತಿಳಿಯತಕ್ಕ ವಿಷಯವೇ.

ಮೊದಲು ಆ ನಗರದ ಗಾತ್ರವನ್ನು ಮನಸ್ಸಿಗೆ ತಂದುಕೊಳ್ಳೋಣ. ಟೋಕಿಯೋ ಮಹಾನಗರದ ಒಳಭಾಗದಲ್ಲಿ ೨೩ ವಾರ್ಡುಗಳುಂಟು; ಅವುಗಳಲ್ಲಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಅಲ್ಲಿನ ಶಿಂಜುಕು ರೈಲು ನಿಲ್ದಾಣವೊಂದನ್ನೇ ದಿನಕ್ಕೆ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಜನ ಬಳಸುತ್ತಾರೆ; ಹೊರಹೋಗುವ ದಾರಿಗಳು ಇನ್ನೂರಕ್ಕೂ ಹೆಚ್ಚು. ಬಹುಪಾಲು ಬೀದಿಗಳಿಗೆ ಹೆಸರೇ ಇಲ್ಲ. ಬಡಾವಣೆ, ಅದರೊಳಗಿನ ತುಂಡು, ಆ ತುಂಡಿನೊಳಗಿನ ಮನೆ, ಹೀಗೆ ಅಂಕೆಗಳಿಂದಲೇ ವಿಳಾಸ. ಇಂತಹ ಊರಿನಲ್ಲಿ ದೊಡ್ಡವರೇ ದಾರಿ ತಪ್ಪುವುದು ವಿಶೇಷವಲ್ಲ. ಆದರೂ ಅಲ್ಲಿ ಬೆಳಗ್ಗೆ ಎದ್ದು ಬೀದಿಗೆ ಬಂದರೆ, ಆರೇಳು ವರ್ಷದ ಪುಟ್ಟ ಮಕ್ಕಳು ಹಳದಿ ಟೋಪಿ ಹಾಕಿಕೊಂಡು, ಬೆನ್ನಿಗೆ ಪೆಟ್ಟಿಗೆಯಂತಹ ಚರ್ಮದ ಚೀಲ ಏರಿಸಿಕೊಂಡು, ತಂದೆ ತಾಯಿಗಳಿಲ್ಲದೆಯೇ ಶಾಲೆಗೆ ನಡೆದುಹೋಗುವುದನ್ನು ಕಾಣುತ್ತೇವೆ. ಕೆಲವರು ರೈಲು ಹತ್ತಿಯೂ ಹೋಗುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ; ಮುಂದೆ ಅದಕ್ಕೆ ಬರೋಣ.

ಹೊರಡುವ ಮೊದಲು ಗಮನಿಸತಕ್ಕ ಸಂಗತಿಗಳನ್ನು ಹೇಳಿಬಿಡುತ್ತೇನೆ. ಕಾಲದ ಆಯ್ಕೆ ಮೊದಲನೆಯದು. ಏಪ್ರಿಲ್ ೨೯ರಿಂದ ಮೇ ೫ರವರೆಗೆ ಅಲ್ಲಿ ಸಾಲು ರಜೆಗಳು. ದೇಶವೇ ಪ್ರವಾಸ ಹೊರಟಿರುತ್ತದೆ. ಜೂನ್ ತಿಂಗಳಲ್ಲಿ ಜಡಿಮಳೆ ಹಿಡಿಯುತ್ತದೆ. ಇವೆರಡರ ನಡುವಣ ಮೇ ತಿಂಗಳ ದಿನಗಳು ಮಕ್ಕಳಿಗೆ ಹಿತವಾದವು, ನಮ್ಮ ಶಾಲೆಗಳ ಬೇಸಿಗೆ ರಜೆಗೂ ಹೊಂದುತ್ತವೆ. ನಾವು ಹೋದದ್ದು ಮೇ ಎರಡನೆಯ ವಾರದಲ್ಲಿ. ಮೇ ೫ ಅಲ್ಲಿ ಮಕ್ಕಳ ಹಬ್ಬ. ಅದರ ಸಂಬಂಧವಾಗಿ ಕಟ್ಟಿದ್ದ ಬಟ್ಟೆಯ ಬಣ್ಣಬಣ್ಣದ ಮೀನುಗಳು ಕೆಲವು ಕಡೆ ಇನ್ನೂ ಗಾಳಿಯಲ್ಲಿ ಈಜುತ್ತಿದ್ದವು.

ಎರಡನೆಯದು ಹೊತ್ತಿನ ವ್ಯತ್ಯಾಸ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದು. ಅಲ್ಲಿ ರಾತ್ರಿ ಎಂಟಾದಾಗ ಮಗುವಿನ ದೇಹಕ್ಕೆ ಸಂಜೆ ನಾಲ್ಕೂವರೆ. ಆಟದ ಹೊತ್ತೇ ಹೊರತು ನಿದ್ರೆಯ ಹೊತ್ತಲ್ಲ. ಅಲ್ಲಿ ಬೆಳಗ್ಗೆ ಏಳಕ್ಕೆ ಎಬ್ಬಿಸಿದರೆ ಮಗುವಿಗೆ ಅದು ನಡುರಾತ್ರಿ ಕಳೆದು ಮೂರೂವರೆ. ಆದ್ದರಿಂದ ಮೊದಲ ಎರಡು ದಿನ ಬೆಳಗಿನ ಹೊತ್ತು ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು. ನಾವು ಇಟ್ಟುಕೊಂಡೆವು, ಮೊಮ್ಮಗ ದಿನವೆಲ್ಲ ಅತ್ತು, ನಮ್ಮನ್ನೂ ಅಳಿಸಿದ. ಆಮೇಲೆ ಮಗಳು ಒಂದು ನಿಯಮ ಮಾಡಿದಳು: ದಿನಕ್ಕೆ ಎರಡೇ ಸ್ಥಳ, ನಡುವೆ ಒಂದು ಉದ್ಯಾನ, ಒಂದು ನಿದ್ರೆ. ಆ ನಿಯಮದಿಂದಲೇ ನಮ್ಮ ಪ್ರವಾಸ ಪ್ರವಾಸವಾಯಿತು.

ಮೂರನೆಯದು ಊಟ. ಸಸ್ಯಾಹಾರಿಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ಅಲ್ಲಿನ ಸಾರು, ಪಲ್ಯ, ನೂಡಲ್ಸುಗಳ ತಿಳಿರಸವನ್ನು ಸಾಮಾನ್ಯವಾಗಿ ಒಣಮೀನಿನ ಎರೆಗಳಿಂದ ತೆಗೆಯುತ್ತಾರೆ. ಕಣ್ಣಿಗೆ ಬರೀ ತರಕಾರಿ ಕಂಡರೂ ಒಳಗೆ ಮೀನಿನ ಸಾರವಿರಬಹುದು. “ಮಾಂಸವಿಲ್ಲ” ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. ಅವರ ಲೆಕ್ಕದಲ್ಲಿ ಮೀನು ಬೇರೆ. ಅನ್ನ, ಸೋಯಾ ಅವರೆಯಿಂದ ಮಾಡಿದ ತೋಫು, ಬೇಯಿಸಿದ ಎಳೆ ಅವರೆ, ಸುಟ್ಟ ಗೆಣಸು, ಮೊಸರು, ಹಣ್ಣು, ಇವು ನಮಗೆ ಆಸರೆಯಾದವು. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬಹುದು. ಅವಲಕ್ಕಿ, ಚಟ್ನಿಪುಡಿ ಜೊತೆಗಿದ್ದರೆ ಮಕ್ಕಳಿಗೆ ಧೈರ್ಯ. ಆದರೆ ಹಸಿ ಹಣ್ಣು, ತರಕಾರಿ, ಸೊಪ್ಪುಗಳನ್ನು ಪ್ರಮಾಣಪತ್ರವಿಲ್ಲದೆ ಆ ದೇಶದೊಳಕ್ಕೆ ಒಯ್ಯುವಂತಿಲ್ಲ. ನೆಗಡಿ ಕೆಮ್ಮಿನ ಕೆಲವು ಔಷಧಿಗಳಿಗೂ ಅಲ್ಲಿ ನಿರ್ಬಂಧವುಂಟು. ಮಕ್ಕಳ ಔಷಧಿಯನ್ನು ಕಟ್ಟುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು.

ನಾಲ್ಕನೆಯದು ಒಂದು ಚೀಟಿ. ಮಗುವಿನ ಹೆಸರು, ನಾವು ಇಳಿದುಕೊಂಡಿರುವ ಸ್ಥಳ, ಅಳಿಯನ ದೂರವಾಣಿಯ ಸಂಖ್ಯೆ, ಇವನ್ನು ಜಪಾನೀ ಲಿಪಿಯಲ್ಲಿ ಬರೆಸಿ ಇಬ್ಬರು ಮಕ್ಕಳ ಜೇಬಿನಲ್ಲೂ ಇಟ್ಟು ಪಿನ್ನು ಚುಚ್ಚಿದೆವು. ಹತ್ತು ನಿಮಿಷದ ಕೆಲಸ. ಅದರ ಬೆಲೆ ಏನೆಂಬುದು ಮುಂದೆ ತಿಳಿಯಿತು.

ಇನ್ನು ರೈಲಿನ ವಿಚಾರ. ಟೋಕಿಯೋ ನಗರದ ಜೀವನಾಡಿಯೆಂದರೆ ರೈಲು. ನೆಲದಡಿಯ ರೈಲು ಅಲ್ಲಿ ಆರಂಭವಾದದ್ದು ೧೯೨೭ರ ಡಿಸೆಂಬರ್ ೩೦ರಂದು, ಉಯೆನೊ ಮತ್ತು ಅಸಾಕುಸಾಗಳ ನಡುವೆ. ಏಷ್ಯಾದಲ್ಲಿ ಅದೇ ಮೊದಲನೆಯದು. ಇಂದು ಹತ್ತಾರು ಮಾರ್ಗಗಳುಂಟು. ನಕ್ಷೆಯನ್ನು ನೋಡಿದರೆ ಬಿಚ್ಚಿ ಹರಡಿದ ಬಣ್ಣದ ದಾರದುಂಡೆಯಂತೆ ಕಾಣುತ್ತದೆ. ಆದರೆ ಹೆದರಬೇಕಾಗಿಲ್ಲ. ಪ್ರತಿಯೊಂದು ಮಾರ್ಗಕ್ಕೂ ಒಂದು ಬಣ್ಣ. ಪ್ರತಿಯೊಂದು ನಿಲ್ದಾಣಕ್ಕೂ ಒಂದು ಸಂಖ್ಯೆ. ಯಾಮಾನೊತೆ ಎಂಬ ಮಾರ್ಗ ತಿಳಿಹಸಿರು. ನಗರದ ನಡುಭಾಗವನ್ನು ಬಳೆಯಂತೆ ಸುತ್ತುತ್ತದೆ. ಅದರ ಉದ್ದ ಮೂವತ್ತನಾಲ್ಕೂವರೆ ಕಿಲೋಮೀಟರು, ನಿಲ್ದಾಣಗಳು ೩೦, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಅಕ್ಷರ ಬಾರದ ಮಗುವೂ ಬಣ್ಣವನ್ನು ಗುರುತಿಸುತ್ತದೆ. ಒಂದನೆಯ ತರಗತಿ ಮುಗಿಸಿದ ಮಗು ಸಂಖ್ಯೆಯನ್ನು ಓದುತ್ತದೆ. ಎರಡು ದಿನ ಕಳೆಯುವುದರೊಳಗೆ ನನ್ನ ಮೊಮ್ಮಗಳು “ತಾತ, ಉಯೆನೊ ಐದು, ಶಿಂಜುಕು ಹದಿನೇಳು” ಎಂದು ಮಗ್ಗಿಯಂತೆ ಹೇಳತೊಡಗಿದಳು. ಅವಳಿಗೆ ಅದು ಆಟ. ಆದರೆ ಯಾವ ಪುಣ್ಯಾತ್ಮನೋ ಹೊಸಬರ ಕಷ್ಟವನ್ನು ಮುಂದಾಗಿ ಯೋಚಿಸಿ ಮಾಡಿದ ಏರ್ಪಾಡು ಅದು ಎಂಬುದನ್ನು ನಾವು ಮರೆಯಬಾರದು.

ಟಿಕೆಟಿನ ನಿಯಮವೂ ಸರಳ. ಆರರಿಂದ ಹನ್ನೊಂದು ವರ್ಷದವರೆಗೆ ಅರ್ಧ ದರ. ಅದಕ್ಕಿಂತ ಚಿಕ್ಕವರಿಗೆ, ಟಿಕೆಟು ಕೊಂಡ ಒಬ್ಬೊಬ್ಬ ದೊಡ್ಡವರ ಜೊತೆಗೆ ಇಬ್ಬರಂತೆ, ದರವಿಲ್ಲ. ಮಗುವನ್ನು ಕೂರಿಸುವ ತಳ್ಳುಗಾಡಿಯನ್ನು ಮಡಿಸದೆಯೇ ರೈಲಿನೊಳಗೆ ಒಯ್ಯಬಹುದೆಂದು ೨೦೧೪ರಲ್ಲಿ ಸರಕಾರವೇ ಒಂದು ಚಿಹ್ನೆಯನ್ನು ನಿಗದಿ ಮಾಡಿ ಸಾರಿತು. ಆದರೆ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆಯವರೆಗೆ, ಕಚೇರಿಗೆ ಹೋಗುವವರ ನೂಕುನುಗ್ಗಲಿನಲ್ಲಿ, ಮಕ್ಕಳೊಡನೆ ರೈಲು ಹತ್ತುವುದು ಸಲ್ಲದು. ಹತ್ತಲೇಬೇಕಾದರೆ ಅನೇಕ ಮಾರ್ಗಗಳಲ್ಲಿ ಆ ಹೊತ್ತಿಗೆ ಹೆಂಗಸರ ಬಂಡಿ ಬೇರೆ ಇರುತ್ತದೆ. ತಾಯಿಯ ಜೊತೆಗೆ ಚಿಕ್ಕ ಹುಡುಗರೂ ಅದರಲ್ಲಿ ಹೋಗಬಹುದು. ರೈಲಿನೊಳಗೆ ಯಾರೂ ಗಟ್ಟಿಯಾಗಿ ಮಾತನಾಡುವುದಿಲ್ಲ, ದೂರವಾಣಿಯಲ್ಲಿ ಹರಟುವುದಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಟ್ಟಿರಬೇಕು. ದೊಡ್ಡವರಿಗೂ ಹೇಳಿಕೊಡಬೇಕಾಗುತ್ತದೆ!

ಈಗ ಸ್ವಲ್ಪ ಭಾಷೆಯ ವಿಚಾರಕ್ಕೆ ಬರುತ್ತೇನೆ. ಮೂವತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತ ಬಂದವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ಜಪಾನೀ ಅಕ್ಷರಮಾಲೆಯ ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದರಲ್ಲಿ ‘ಸ’ ಇರುವ ಕಡೆ ಹಿಂದೆ ಚಕಾರಕ್ಕೆ ಹತ್ತಿರವಾದ ಉಚ್ಚಾರಣೆಯಿತ್ತೆಂದೂ ‘ಹ’ ಇರುವ ಕಡೆ ಪಕಾರವಿತ್ತೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆ ಓದಿಕೊಂಡರೆ ಕ, ಚ, ತ, ನ, ಪ, ಮ, ಯ, ರ, ವ ಎಂದಾಗುತ್ತದೆ. ಇದು ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲವೆ? ಕಾರಣವೂ ತಿಳಿದದ್ದೇ. ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಆ ವರ್ಣಕ್ರಮವೇ ಅವರ ನಾಡಿನ ಅಕ್ಷರಗಳ ಜೋಡಣೆಗೂ ಮಾದರಿಯಾಯಿತು. ವಾಕ್ಯರಚನೆಯೂ ನಮಗೆ ಅಪರಿಚಿತವಲ್ಲ. ‘ಮಿಜು ಓ ಕುದಸಾಯ್’ ಎಂದರೆ ‘ನೀರನ್ನು ಕೊಡಿ’. ಮಿಜು ಎಂದರೆ ನೀರು, ಓ ಎಂಬುದು ದ್ವಿತೀಯಾ ವಿಭಕ್ತಿಯ ಕೆಲಸ ಮಾಡುತ್ತದೆ, ಕ್ರಿಯಾಪದ ಕೊನೆಯಲ್ಲಿ. ಇಂಗ್ಲಿಷಿನಲ್ಲಿ ತಡವರಿಸುವ ಕನ್ನಡದ ಮಗುವಿಗೂ ಈ ವಾಕ್ಯ ಒಂದೇ ಏಟಿಗೆ ಬಾಯಿಗೆ ಬರುತ್ತದೆ.

ಈ ಪಾಂಡಿತ್ಯವೇ ನನಗೆ ಮುಳುವಾಯಿತು. ಮೂರನೆಯ ದಿನ ಒಂದು ದೊಡ್ಡ ನಿಲ್ದಾಣದಲ್ಲಿ ರೈಲಿಗಾಗಿ ನಿಂತಿದ್ದೆವು. ಮೊಮ್ಮಗಳ ಕೈ ನನ್ನ ಕೈಯಲ್ಲಿತ್ತು. ಎದುರಿನ ಫಲಕದ ಅಕ್ಷರಗಳನ್ನು ತೋರಿಸಿ ಅಳಿಯನಿಗೆ ವಿವರಿಸುವ ಉತ್ಸಾಹದಲ್ಲಿ ಬೆರಳೆತ್ತಿದೆ. ಎತ್ತಿದ್ದು ಆ ಕೈಯನ್ನೇ! ರೈಲು ಬಂದಿತು, ಜನ ಇಳಿದರು, ಜನ ಹತ್ತಿದರು. ನಿಲ್ದಾಣದ ಇಂಪಾದ ಘಂಟಾನಾದ ಮುಗಿಯಿತು, ಬಾಗಿಲು ಮುಚ್ಚಿತು. ಗಾಜಿನ ಆಚೆ ಮೊಮ್ಮಗಳು, ಈಚೆ ನಾವು. ಅವಳ ಮುಖ ಇನ್ನೂ ಅಳುವಿಗೆ ತಿರುಗಿರಲಿಲ್ಲ. ರೈಲು ಹೊರಟುಹೋಯಿತು.

ಆ ಕ್ಷಣದಲ್ಲಿ ನನ್ನ ಮಗಳು ನನ್ನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

ಹಿಂದಿನ ರಾತ್ರಿ ಊಟದ ಹೊತ್ತಿಗೆ ಅಳಿಯ ಮಕ್ಕಳಿಗೆ ಒಂದು ಮಾತು ಹೇಳಿದ್ದ: “ರೈಲಿನಲ್ಲಿ ನೀನೊಬ್ಬಳೇ ಹೋಗಿಬಿಟ್ಟರೆ, ಮುಂದಿನ ನಿಲ್ದಾಣದಲ್ಲಿ ಇಳಿ. ಇಳಿದ ಜಾಗದಲ್ಲೇ ಕಂಬ ಹಿಡಿದು ನಿಲ್ಲು. ನಾವು ಬರುತ್ತೇವೆ. ನೀನು ನಮ್ಮನ್ನು ಹುಡುಕಬೇಡ. ನಾವು ನಿನ್ನನ್ನು ಹುಡುಕುತ್ತೇವೆ.” ಅದನ್ನು ಆಗ ನಾನು ಮಕ್ಕಳನ್ನು ಹೆದರಿಸುವ ಮಾತೆಂದು ಆಕ್ಷೇಪಿಸಿದ್ದೆ. ಈಗ ಅಳಿಯ ನಿಲ್ದಾಣದ ಸಿಬ್ಬಂದಿಯೊಬ್ಬರ ಬಳಿಗೆ ಓಡಿದ. ‘ಮೈಗೊ’ ಎಂದ. ದಾರಿ ತಪ್ಪಿದ ಮಗುವಿಗೆ ಜಪಾನೀ ಭಾಷೆಯಲ್ಲಿ ಈ ಪದ. ಅಷ್ಟೇ ಸಾಕಾಯಿತು. ಆತ ಒಂದೇ ಒಂದು ಪ್ರಶ್ನೆಯನ್ನೂ ವ್ಯರ್ಥವಾಗಿ ಕೇಳಲಿಲ್ಲ. ಎತ್ತರ ಎಷ್ಟು, ಬಟ್ಟೆಯ ಬಣ್ಣ ಯಾವುದು ಎಂದು ಕೈಸನ್ನೆಯಿಂದ ತಿಳಿದುಕೊಂಡು, ಮುಂದಿನ ನಿಲ್ದಾಣಕ್ಕೆ ದೂರವಾಣಿ ಮಾಡಿದರು. ಅವರ ಮಾತಿನಲ್ಲಿ ನನಗೆ ತಿಳಿದದ್ದು ‘ಕೊದೊಮೊ’, ಎಂದರೆ ಮಗು, ಎಂಬ ಒಂದೇ ಶಬ್ದ. ಮುಂದಿನ ರೈಲಿನಲ್ಲಿ ನಾವು ಹೊರಟೆವು. ಎರಡೇ ನಿಮಿಷದ ದಾರಿ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಪ್ರಯಾಣವನ್ನು ನಾನು ಮಾಡಿಲ್ಲ.

ಇಳಿದಾಗ ಮೊಮ್ಮಗಳು ಸಮವಸ್ತ್ರದ ಹೆಂಗಸೊಬ್ಬರ ಕೈ ಹಿಡಿದು ನಿಂತಿದ್ದಳು. ಜೇಬಿನ ಚೀಟಿ ಆ ಹೆಂಗಸಿನ ಇನ್ನೊಂದು ಕೈಯಲ್ಲಿತ್ತು. ನಮ್ಮನ್ನು ಕಂಡ ಮೇಲೆಯೇ ಮಗುವಿಗೆ ಅಳು ಬಂದದ್ದು. ಅಳುತ್ತಲೇ ಹೇಳಿದಳು: “ಅಪ್ಪ ಹೇಳಿದ ಹಾಗೇ ಇಳಿದೆ ತಾತ. ಕಂಬ ಮಾತ್ರ ಸಿಗಲಿಲ್ಲ.”

ವಾಚಕರೇ, ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದೆ. ನನ್ನ ಮೊಮ್ಮಗಳು ನಮಗೆ ಸಿಕ್ಕಿದ್ದು ದೇವರ ದಯೆ ಎಂದು ನನ್ನ ಹೆಂಡತಿ ಹೇಳುತ್ತಾಳೆ; ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದಯೆ ಮೂರು ಕೈಗಳ ಮೂಲಕ ಬಂದಿತು. ಮಗುವಿಗೆ ಮೊದಲೇ ಹೇಳಿಕೊಟ್ಟ ಒಂದು ಮಾತು, ಜೇಬಿನಲ್ಲಿಟ್ಟ ಒಂದು ಚೀಟಿ, ಮಗು ಕಳೆದರೆ ಏನು ಮಾಡಬೇಕೆಂಬುದನ್ನು ತಿಳಿದಿದ್ದ ಒಂದು ಊರು.

ಆ ಊರು ಅದನ್ನು ಹೇಗೆ ತಿಳಿದುಕೊಂಡಿದೆ ಎಂಬುದನ್ನು ನೋಡಿ. ಅಲ್ಲಿ ನಿಲ್ದಾಣಗಳ ಬಳಿ, ಬಡಾವಣೆಗಳ ನಡುವೆ ‘ಕೋಬಾನ್’ ಎಂಬ ಪುಟ್ಟ ಪೋಲೀಸು ಚೌಕಿಗಳುಂಟು. ಬಾಗಿಲ ಮೇಲೆ ಕೆಂಪು ದೀಪವಿರುತ್ತದೆ. ಕಳ್ಳರನ್ನು ಹಿಡಿಯುವುದೊಂದೇ ಅವರ ಕೆಲಸವಲ್ಲ. ದಾರಿ ಕೇಳುವವರಿಗೆ ದಾರಿ ತೋರಿಸುವುದು, ಬಿದ್ದು ಸಿಕ್ಕಿದ ವಸ್ತುವನ್ನು ಪಡೆದು ಇಡುವುದು, ತಪ್ಪಿಸಿಕೊಂಡ ಮಗುವನ್ನು ಕೂರಿಸಿಕೊಳ್ಳುವುದು, ಇವೂ ಅವರ ಕೆಲಸವೇ. ಪೋಲೀಸರನ್ನು ಕರೆಯುವ ಸಂಖ್ಯೆ ೧೧೦. ಈ ಸಂಖ್ಯೆಯ ಹೆಸರಿನಲ್ಲಿಯೇ ಇನ್ನೊಂದು ಏರ್ಪಾಡು ಉಂಟು. ಕೆಲವು ಮನೆಗಳ, ಅಂಗಡಿಗಳ ಮುಂದೆ ‘ಮಕ್ಕಳ ೧೧೦ರ ಮನೆ’ ಎಂಬ ಅರ್ಥದ ಚೀಟಿ ಅಂಟಿಸಿರುತ್ತಾರೆ. ಭಯವಾದಾಗ ಮಗು ಆ ಬಾಗಿಲಿಗೆ ಓಡಿಹೋಗಬಹುದು; ಒಳಗಿನವರು ಮಗುವನ್ನು ಕಾಪಾಡಿ ಪೋಲೀಸರಿಗೂ ಮನೆಯವರಿಗೂ ತಿಳಿಸುತ್ತಾರೆ. ಅಕ್ಕಿ ಮಾರುವವನೋ, ಕ್ಷೌರ ಮಾಡುವವನೋ, ನಿವೃತ್ತ ಅಜ್ಜಿಯೋ, ಯಾರಾದರೂ ಈ ಹೊಣೆ ಹೊರಬಹುದು. ಹಳದಿ ಟೋಪಿಯ ಆ ಮಗು ಒಂಟಿಯಾಗಿ ನಡೆಯುತ್ತಿರುವಂತೆ ನಮಗೆ ಕಾಣುತ್ತದೆ. ವಾಸ್ತವವಾಗಿ ಅದು ಒಂಟಿಯಲ್ಲ. ಬೀದಿಯ ಇಕ್ಕೆಲದ ಬಾಗಿಲುಗಳೂ ಅದರ ಜೊತೆಯಲ್ಲಿವೆ. ನಮ್ಮ ಅಗ್ರಹಾರಗಳಲ್ಲಿ, ಕೇರಿಗಳಲ್ಲಿ ಹಿಂದೆ ಇದ್ದದ್ದು ಇದೇ ಅಲ್ಲವೆ? ಅದಕ್ಕೆ ಚೀಟಿ ಅಂಟಿಸಿರಲಿಲ್ಲ, ಅಷ್ಟೇ.

ಆಕಾಶವಾಣಿಯ ಕೇಳುಗರಾದ ನಿಮಗೆ ಪ್ರಿಯವಾಗುವ ಮತ್ತೊಂದು ಸಂಗತಿ ಹೇಳುತ್ತೇನೆ. ಸಂಜೆ ಐದರ ಸುಮಾರಿಗೆ ಬಡಾವಣೆಯ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಒಂದು ಮೃದುವಾದ ರಾಗ ತೇಲಿಬರುತ್ತದೆ. ಯಾವ ರಾಗ, ಯಾವ ಹೊತ್ತು ಎಂಬುದು ವಾರ್ಡಿನಿಂದ ವಾರ್ಡಿಗೆ, ಋತುವಿನಿಂದ ಋತುವಿಗೆ ಬೇರೆ. ಬಹಳ ಕಡೆ ಕೇಳುವುದು ‘ಯೂಯಾಕೆ ಕೊಯಾಕೆ’ ಎಂಬ, ೧೯೨೩ರಲ್ಲಿ ಪ್ರಕಟವಾದ ಶಿಶುಗೀತೆ. ರಾಗ ಕೇಳಿದೊಡನೆ ಉದ್ಯಾನದಲ್ಲಿದ್ದ ಮಕ್ಕಳು ಜಾರುಬಂಡೆಯಿಂದ ಇಳಿದು ಮನೆಯ ಕಡೆಗೆ ಹೊರಡುತ್ತಾರೆ. ಮಕ್ಕಳನ್ನು ಮನೆಗೆ ಕರೆಯುವುದಕ್ಕೆಂದೇ ಇಷ್ಟೊಂದು ಧ್ವನಿವರ್ಧಕಗಳೇ ಎಂದು ನಾನು ಬೆರಗಾದೆ. ವಿಚಾರಿಸಿದಾಗ ತಿಳಿಯಿತು: ಅವು ಭೂಕಂಪ, ಪ್ರವಾಹಗಳ ಸಮಯದಲ್ಲಿ ಎಚ್ಚರಿಕೆ ಕೊಡತಕ್ಕ ಯಂತ್ರಗಳು. ೧೯೨೩ರ ಸೆಪ್ಟೆಂಬರ್ ೧ರಂದು ಭೀಕರ ಭೂಕಂಪಕ್ಕೆ ತುತ್ತಾದ ನಗರವದು. ಯಂತ್ರ ಸರಿಯಾಗಿದೆಯೇ ಎಂದು ದಿನವೂ ಪರೀಕ್ಷಿಸಬೇಕು. ಕರ್ಕಶವಾದ ಸೀಟಿಯನ್ನು ಊದಿ ಪರೀಕ್ಷಿಸುವ ಬದಲು ಒಂದು ಮಕ್ಕಳ ಹಾಡನ್ನು ನುಡಿಸುತ್ತಾರೆ. ಯಂತ್ರದ ಪರೀಕ್ಷೆಯೂ ಆಯಿತು, ಮಕ್ಕಳಿಗೆ ಕರೆಯೂ ಆಯಿತು. ಮೂರು ದಿನಗಳಲ್ಲಿ ನನ್ನ ಮೊಮ್ಮಗನೂ ಆ ರಾಗಕ್ಕೆ ತಲೆಯೆತ್ತಿ, “ಮನೆಗೆ!” ಎನ್ನತೊಡಗಿದ.

ಬೆಳಗ್ಗೆಯೂ ರೇಡಿಯೋ ಉಂಟು. ‘ರಾಜಿಯೋ ತೈಸೊ’, ಎಂದರೆ ರೇಡಿಯೋ ವ್ಯಾಯಾಮ, ೧೯೨೮ರಲ್ಲಿ ಆರಂಭವಾಯಿತು. ಯುದ್ಧಾನಂತರ ಕೆಲಕಾಲ ನಿಂತು ೧೯೫೧ರಲ್ಲಿ ಹೊಸ ರೂಪದಿಂದ ಮತ್ತೆ ಬಂದಿತು. ಬೆಳಗ್ಗೆ ಆರೂವರೆಗೆ ಪಿಯಾನೋ ನುಡಿಯುತ್ತದೆ; ಉದ್ಯಾನಗಳಲ್ಲಿ ಹಿರಿಯರು ರೇಡಿಯೋ ಇಟ್ಟುಕೊಂಡು ಕೈಕಾಲು ಆಡಿಸುತ್ತಾರೆ. ಬೇಸಿಗೆಯ ರಜೆಯಲ್ಲಿ ಮಕ್ಕಳೂ ಬರುತ್ತಾರೆ; ಬಂದುದಕ್ಕೆ ಕಾರ್ಡಿನ ಮೇಲೆ ಮುದ್ರೆ ಒತ್ತಿಸಿಕೊಳ್ಳುತ್ತಾರೆ. ಮೊದಲೆರಡು ದಿನದ ನಿದ್ರೆಯ ತೊಡಕು ಕಳೆದ ಮೇಲೆ ನಾನೂ ಮೊಮ್ಮಗಳೂ ಒಂದು ಬೆಳಗ್ಗೆ ಅವರೊಡನೆ ಸೇರಿಕೊಂಡೆವು. ಭಾಷೆ ಬೇಕಾಗಲಿಲ್ಲ. ಜಪಾನಿನ ರೇಡಿಯೋ ಹುಟ್ಟಿದ್ದು ೧೯೨೫ರ ಮಾರ್ಚ್ ೨೨ರಂದು, ಟೋಕಿಯೋ ಕಡಲ ದಂಡೆಯ ಶಿಬೌರಾ ಎಂಬಲ್ಲಿ. ಅದೇ ವರ್ಷ ಬಾನುಲಿ ಕೇಂದ್ರ ಅತಾಗೊ ಗುಡ್ಡಕ್ಕೆ ಹೋಯಿತು. ಅಲ್ಲಿ ಈಗ ೧೯೫೬ರಲ್ಲಿ ತೆರೆದ ಪ್ರಸಾರ ವಸ್ತುಸಂಗ್ರಹಾಲಯವಿದೆ. ಪ್ರವೇಶಕ್ಕೆ ಹಣವಿಲ್ಲ, ಸೋಮವಾರ ರಜೆ. ಹಳೆಯ ಧ್ವನಿಗ್ರಾಹಕಗಳನ್ನೂ ಪೆಟ್ಟಿಗೆ ರೇಡಿಯೋಗಳನ್ನೂ ನೋಡುತ್ತಿದ್ದಾಗ, ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ನೆನಪು ನನಗೆ ಬಂದಿತು.

ಶಿಬೌರಾ ಎಂಬ ಹೆಸರನ್ನು ಮರೆಯಬೇಡಿ. ಅಲ್ಲಿಗೆ ಕನ್ನಡವೂ ಒಮ್ಮೆ ಹೋಗಿ ಇಳಿದಿತ್ತು.

ಟೋಕಿಯೋದ ಉಯೆನೊ ಉದ್ಯಾನದಲ್ಲಿ ೧೮೮೨ರಲ್ಲಿ ತೆರೆದ ಮೃಗಾಲಯವಿದೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ. ಇದಕ್ಕೂ ಸೋಮವಾರ ರಜೆ. ಮಹಾಯುದ್ಧದ ಕಾಲದಲ್ಲಿ ಅಲ್ಲಿ ಮೂರು ಆನೆಗಳಿದ್ದವು: ಜಾನ್, ಟೊಂಕಿ, ವಾನ್ರಿ. ಬಾಂಬು ಬಿದ್ದು ಬೇಲಿ ಮುರಿದರೆ ಕಾಡುಪ್ರಾಣಿಗಳು ಊರಿಗೆ ನುಗ್ಗಿಯಾವೆಂಬ ಭಯದಿಂದ, ೧೯೪೩ರ ಆಗಸ್ಟಿನಲ್ಲಿ ಅವುಗಳನ್ನು ಕೊಲ್ಲಬೇಕೆಂದು ಆಜ್ಞೆಯಾಯಿತು. ವಿಷ ಬೆರೆಸಿದ ಗೆಡ್ಡೆಯನ್ನು ಆನೆಗಳು ಮುಟ್ಟಲಿಲ್ಲ. ಕೊನೆಗೆ ಆಹಾರವನ್ನೇ ನಿಲ್ಲಿಸಿದರು. ಹಸಿದ ಆನೆಗಳು ಕಾವಲುಗಾರರನ್ನು ಕಂಡಾಗಲೆಲ್ಲ ತಾವು ಕಲಿತಿದ್ದ ಆಟಗಳನ್ನು ಆಡಿ ತೋರಿಸುತ್ತಿದ್ದವಂತೆ, ತಿನ್ನಲು ಕೊಟ್ಟಾರೆಂಬ ಆಸೆಯಿಂದ. ಸೆಪ್ಟೆಂಬರ್ ಮುಗಿಯುವುದರೊಳಗೆ ಮೂರೂ ಸತ್ತವು.

ಯುದ್ಧ ಮುಗಿಯಿತು. ಆನೆಯನ್ನೇ ಕಾಣದ ಮಕ್ಕಳು ಬೆಳೆಯತೊಡಗಿದರು. ನಗೋಯಾ ನಗರದಲ್ಲಿ ಮಾತ್ರ ಎರಡು ಆನೆಗಳು ಉಳಿದಿದ್ದವು. ಒಂದನ್ನು ನಮಗೆ ಎರವಲು ಕೊಡಿ ಎಂದು ಟೋಕಿಯೋದ ಮಕ್ಕಳು ಕೇಳಿದರು. ಆದರೆ ಆ ಜೋಡಿಯನ್ನು ಅಗಲಿಸಲಾಗಲಿಲ್ಲ. ಆಗ ಮಕ್ಕಳನ್ನೇ ವಿಶೇಷ ರೈಲುಗಳಲ್ಲಿ ಕೂರಿಸಿ ನಗೋಯಾಕ್ಕೆ ಕರೆದೊಯ್ದರು. ಅಷ್ಟಕ್ಕೇ ಸುಮ್ಮನಾಗದೆ ಆ ಮಕ್ಕಳು ನಮ್ಮ ಪ್ರಧಾನಿ ನೆಹರೂ ಅವರಿಗೆ ಪತ್ರಗಳನ್ನು ಬರೆದರು. ನೆಹರೂ ಒಂದು ಹೆಣ್ಣಾನೆಯನ್ನು ಕಳುಹಿಸಿದರು; ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು, ಇಂದಿರಾ. ಬಲವಿದ್ದೂ ಮೃದುವಾಗಿರುವ, ತಾಳ್ಮೆಯುಳ್ಳ ಪ್ರಾಣಿ ಆನೆ; ಆ ಗುಣಗಳು ನಮ್ಮೆಲ್ಲರಲ್ಲೂ ಬೆಳೆಯಲಿ ಎಂಬ ಆಶಯದ ಪತ್ರವನ್ನೂ ಜೊತೆಗೆ ಬರೆದರು. ೧೯೪೯ರ ಸೆಪ್ಟೆಂಬರ್ ಕೊನೆಯ ವಾರ ಇಂದಿರಾ ಹಡಗಿನಿಂದ ಶಿಬೌರಾದಲ್ಲಿ ಇಳಿದು, ನಸುಕಿನಲ್ಲಿ ನಗರದ ಬೀದಿಗಳಲ್ಲೇ ನಡೆದು ಉಯೆನೊ ಸೇರಿತು.

ಆ ಆನೆ ನಮ್ಮ ಮೈಸೂರು ಸೀಮೆಯದು. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ ಒಂದೇ. ಜೊತೆಯಲ್ಲಿ ಹೋಗಿದ್ದ ಮಾವುತರಿಂದ ಜಪಾನೀ ಕಾವಲುಗಾರರು ಕನ್ನಡದ ಮಾತುಗಳನ್ನು ಕಲಿತುಕೊಂಡು, ಆನೆಯನ್ನು ನಡೆಸಿದರು. ಯೋಚಿಸಿ ನೋಡಿ: ಬೆಂದು ಬೂದಿಯಾಗಿ ಮತ್ತೆ ಕಟ್ಟಿಕೊಳ್ಳುತ್ತಿದ್ದ ಆ ನಗರದಲ್ಲಿ, ಮಕ್ಕಳ ಸಂತೋಷಕ್ಕಾಗಿ, ಇಬ್ಬರು ಮೂವರು ಕನ್ನಡ ಕಲಿತರು! ಮರುವರ್ಷ ಇಂದಿರಾ ಉತ್ತರದ ಊರುಗಳಿಗೂ ಹೋಗಿ ಅಲ್ಲಿನ ಮಕ್ಕಳಿಗೂ ಮುಖ ತೋರಿಸಿತು. ೧೯೫೭ರಲ್ಲಿ ನೆಹರೂ ಮಗಳೊಡನೆ ಟೋಕಿಯೋಗೆ ಹೋದಾಗ ಅದನ್ನು ಕಂಡರು. ೧೯೮೩ರವರೆಗೆ ಬದುಕಿತ್ತು, ಮೂವತ್ತನಾಲ್ಕು ವರ್ಷ ಆ ಮಕ್ಕಳ ನಡುವೆ.

ಆನೆಯ ಆವರಣದ ಎದುರು ನಿಂತು ನಾನು ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಹಸಿವಿನಿಂದ ಸತ್ತ ಭಾಗವನ್ನು ಹೇಳಬೇಡಿ ಅಪ್ಪ ಎಂದು ಮಗಳು ಕಣ್ಸನ್ನೆ ಮಾಡಿದ್ದಳು, ಬಿಟ್ಟೆ. ಆದರೆ ಮಗು ಬಿಡಲಿಲ್ಲ. “ಇಂದಿರಾ ಬರುವ ಮುಂಚೆ ಯಾಕೆ ಆನೆ ಇರಲಿಲ್ಲ ತಾತ?” ಎಂದಳು. ಯುದ್ಧವಿತ್ತು, ಅದಕ್ಕೆ ಇರಲಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದಕ್ಕೆ ಕನ್ನಡ ಬರುತ್ತಿತ್ತಲ್ಲ, ಅದು ಕಳೆದುಹೋದರೆ ಯಾರನ್ನು ಕೇಳಬೇಕಾಗಿತ್ತು?” ಎಂದಳು. ಎರಡು ದಿನದ ಹಿಂದೆ ತಾನೇ ಕಳೆದುಹೋಗಿ ಸಿಕ್ಕಿದ ಮಗುವಿನ ಪ್ರಶ್ನೆ. ಅವರು ಕನ್ನಡ ಕಲಿತುಕೊಂಡಿದ್ದರಮ್ಮ, ಎಂದೆ. ಅವಳಿಗೆ ಸಮಾಧಾನವಾಯಿತು.

ಈಗ ಅಲ್ಲಿರುವ ಆನೆಗಳಲ್ಲಿ ಒಂದು ಮರಿ ೨೦೨೦ರಲ್ಲಿ ಹುಟ್ಟಿದ್ದು; ಆ ಮೃಗಾಲಯದಲ್ಲೇ ಜನಿಸಿದ ಮೊದಲ ಆನೆಮರಿ. ಅದರ ಹೆಸರು ಅರುನ್. ಥಾಯ್ ಭಾಷೆಯಲ್ಲಿ ಬೆಳಗಿನ ಹೊತ್ತು ಎಂದರ್ಥ. ನಮ್ಮ ಅರುಣನೇ ಅದು ಎಂದು ಹೇಳಬೇಕಾಗಿಲ್ಲವಷ್ಟೆ. ಮೊಮ್ಮಗ ಬೇಲಿಯ ಈಚೆಯಿಂದ “ಬಾ, ಬಾ” ಎಂದು ಕೂಗಿದ. ಅರುಣನಿಗೆ ಕನ್ನಡ ಬಾರದು. ಬಾಲವಾಡಿಸಿಕೊಂಡು ಹುಲ್ಲು ತಿನ್ನುತ್ತಲೇ ಇತ್ತು.

ಮಕ್ಕಳೊಡನೆ ದೂರದ ಊರಿಗೆ ಹೊರಡುವವರಿಗೆ ನನ್ನ ಮಾತು ಇಷ್ಟೇ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿರಿ. ಮಗುವಿನ ಜೇಬಿಗೆ ಆ ಊರಿನ ಭಾಷೆಯ ಒಂದು ಚೀಟಿ, ಮನಸ್ಸಿಗೆ ಒಂದು ಧೈರ್ಯದ ಮಾತು, ಇವೆರಡನ್ನು ಕಟ್ಟಿಕೊಡಿರಿ. ಫಲಕಗಳನ್ನು ಓದುವಾಗ ಎಡಗೈಯನ್ನೇ ಎತ್ತಿರಿ, ಬಲಗೈಯಲ್ಲಿ ಮಗುವಿರಲಿ. ಹಿಂದಿರುಗಿ ಬಂದ ಮೇಲೆ, ನಮ್ಮ ಬೀದಿಯಲ್ಲಿ ಪರವೂರಿನ ಮಗುವೊಂದು ಕೈ ತಪ್ಪಿಸಿಕೊಂಡು ನಿಂತರೆ ಅದು ಯಾವ ಬಾಗಿಲನ್ನು ತಟ್ಟಬೇಕು ಎಂದು ಒಮ್ಮೆ ಯೋಚಿಸಿರಿ. ನಾನು ಊರಿಗೆ ಬಂದ ಮೇಲೆ ನಮ್ಮ ನೆರೆಮನೆಯ ಹಿರಿಯರೊಡನೆ ಇದನ್ನೇ ಮಾತನಾಡಿದೆ. ಅವರು ಸ್ವಲ್ಪ ಯೋಚಿಸಿ, “ನಮ್ಮ ಬಾಗಿಲನ್ನು ತಟ್ಟಲಿ ಮೇಷ್ಟ್ರೇ, ಹಗಲೆಲ್ಲ ತೆರೆದೇ ಇರುತ್ತದೆ” ಎಂದರು.